ಕೆರೆಯ ನಡುವಣ ಬಸದಿ, ಬಸದಿಯ ಸುತ್ತಣ ಕೆರೆ

ದಕ್ಷಿಣದ ಜೈನಕ್ಷೇತ್ರಗಳ ಹೆಸರುಗಳನ್ನು ನೆನೆದರೆ ಸಾಕು, ನೀರಿನ ಸ್ಮರಣೆ ತಾನಾಗಿಯೇ ಬರುತ್ತದೆ. ಬೆಳ್ಗೊಳವೆಂದರೆ ಬಿಳಿಯ ಕೊಳ. ಎರಡು ಬೆಟ್ಟಗಳ ನಡುವಣ ಆ ಕೊಳವೇ ಊರಿಗೆ ಹೆಸರನ್ನಿತ್ತಿದೆ. ಹೊಂಬುಜಕ್ಕೆ ಹೋದವರು ಶ್ರೀ ಪದ್ಮಾವತಿ ಅಮ್ಮನವರ ದರ್ಶನದೊಡನೆ ಮುತ್ತಿನಕೆರೆಯನ್ನೂ ನೋಡಿಯೇ ಹಿಂದಿರುಗುತ್ತಾರೆ. ಭಗವಾನ್ ಮಹಾವೀರಸ್ವಾಮಿಯವರ ನಿರ್ವಾಣಭೂಮಿಯಾದ ಪಾವಾಪುರಿಯ ಜಲಮಂದಿರವಿರುವುದು ತಾವರೆಗೊಳದ ನಡುವೆ. ಜೈನಕ್ಷೇತ್ರವಲ್ಲದಿದ್ದರೂ ಇಲ್ಲಿ ಹೇಳತಕ್ಕ ಇನ್ನೊಂದು ಹೆಸರು ಮಣಿಪಾಲ. ಅದು ಮಣ್ಣಪಳ್ಳವೆಂಬ ಶಬ್ದದಿಂದ ಬಂದುದು; ಪಳ್ಳವೆಂದರೆ ನೀರು ನಿಲ್ಲುವ ತಗ್ಗು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಆ ಬೋಳುಗುಡ್ಡ ಜಗದ್ವಿಖ್ಯಾತವಾಯಿತು. ಪಳ್ಳವಾದರೋ ಇಂದಿಗೂ ಅಲ್ಲಿಯೇ ಇದೆ. ಸಂಜೆ ಅದರ ದಂಡೆಯಲ್ಲಿ ನಡೆದಾಡುವ ಎಷ್ಟೋ ಮಂದಿಗೆ ಊರಿನ ಹೆಸರು ಆ ನೀರಿನದೆಂಬುದು ತಿಳಿಯದು.

ಉಡುಪಿ ಜಿಲ್ಲೆಯ ಬಸದಿಗಳ ಪೈಕಿ ನೀರಿನೊಡನೆ ಅತ್ಯಂತ ನಿಕಟವಾದ ಸಂಬಂಧವುಳ್ಳುದು ವರಂಗದ ಕೆರೆಬಸದಿ. ಹಿಂದೆ ಕಾರ್ಕಳ ತಾಲೂಕಿಗೂ ಈಗ ಹೆಬ್ರಿ ತಾಲೂಕಿಗೂ ಸೇರಿದ ಈ ಗ್ರಾಮವು ಪಶ್ಚಿಮಘಟ್ಟದ ತಪ್ಪಲಿನಲ್ಲಿದೆ. ಸುಮಾರು 14 ಎಕರೆ ವಿಸ್ತಾರದ ಕೆರೆಯ ನಡುವೆ ಚತುರ್ಮುಖವಾಗಿ ಕಟ್ಟಲ್ಪಟ್ಟ ಈ ಪುಟ್ಟ ಜಿನಾಲಯದಲ್ಲಿ ನಾಲ್ಕು ದಿಕ್ಕುಗಳಿಗೆ ಅಭಿಮುಖವಾಗಿ ಪಾರ್ಶ್ವನಾಥ, ಶಾಂತಿನಾಥ, ಅನಂತನಾಥ, ನೇಮಿನಾಥ ತೀರ್ಥಂಕರರು ವಿರಾಜಮಾನರಾಗಿದ್ದಾರೆ. ಪದ್ಮಾವತಿ ದೇವಿಯ ಸನ್ನಿಧಿಯೂ ಅಲ್ಲಿದೆ. ದರ್ಶನಾರ್ಥಿಗಳು ದೋಣಿಯಲ್ಲಿಯೇ ಹೋಗಬೇಕು. ಸೇತುವೆಯೊಂದನ್ನು ಕಟ್ಟಿದರೆ ಅನುಕೂಲವಲ್ಲವೇ ಎಂದು ಕೇಳುವವರುಂಟು. ಅನುಕೂಲವೇನೋ ಆದೀತು; ಆದರೆ ಹುಟ್ಟುಹಾಕುತ್ತ ಸಾಗುವಾಗ ಮನಸ್ಸಿಗೆ ದೊರೆಯುವ ಶಾಂತಿ ಸೇತುವೆಯ ಮೇಲೆ ದೊರೆಯಲಾರದು.

ವರಂಗದಲ್ಲಿ ಆಳುಪರ ಕಾಲದಿಂದಲೇ ಜೈನಧರ್ಮವು ನೆಲೆಗೊಂಡಿತ್ತೆಂಬುದಕ್ಕೆ ಶಾಸನಾಧಾರವಿದೆ. ವಿಜಯನಗರದ ದೇವರಾಯನು 1424ರಲ್ಲಿ ವರಂಗ ಗ್ರಾಮವನ್ನೇ ಅಲ್ಲಿನ ನೇಮಿನಾಥ ಬಸದಿಗೆ ದತ್ತಿಯಾಗಿ ಬಿಟ್ಟನು. ಈ ದತ್ತಿಯ ಅರ್ಥವನ್ನು ವ್ಯವಹಾರದೃಷ್ಟಿಯಿಂದ ವಿಚಾರಿಸಿದರೆ ಒಂದು ಸಂಗತಿ ವೇದ್ಯವಾಗುತ್ತದೆ. ಗ್ರಾಮವೆಂದರೆ ಅದರ ಉತ್ಪತ್ತಿ, ಉತ್ಪತ್ತಿಯೆಂದರೆ ಅಂದಿನ ದಿನಗಳಲ್ಲಿ ಭತ್ತ, ಭತ್ತವೆಂದರೆ ನೀರು. ಘಟ್ಟದ ಮಳೆನೀರು ಕೆರೆಯಲ್ಲಿ ತಂಗಿ, ಕೋಡಿಯಿಂದ ಕೆಳಗಣ ಗದ್ದೆಗಳಿಗೆ ಇಳಿದು, ಅಲ್ಲಿ ಬೆಳೆದ ಭತ್ತದ ಒಂದಂಶವು ಅಂಗಳಕ್ಕೆ ಬಂದರೆ ಮಾತ್ರ ನಿತ್ಯಪೂಜೆ, ಆಹಾರದಾನ, ನಂದಾದೀಪಗಳು ನಡೆಯುತ್ತಿದ್ದುವು. ಅರಸನು ಕೊಟ್ಟುದು ನೆಲವೆಂದು ಶಾಸನ ಹೇಳಿದರೂ ವಸ್ತುತಃ ಕೊಟ್ಟುದು ನೀರನ್ನು.

ಕಾರ್ಕಳದ ಅರಸರೂ ಇದನ್ನು ಅರಿತಿದ್ದರು. ಪಾಂಡ್ಯನಗರಿಯೆಂದು ಪ್ರಖ್ಯಾತವಾದ ಆ ಪಟ್ಟಣದಲ್ಲಿ ವೀರಪಾಂಡ್ಯ ಭೈರರಸನು 1432ರ ಫೆಬ್ರವರಿ 13ರಂದು ಬಾಹುಬಲಿಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಇಮ್ಮಡಿ ಭೈರರಸನು 1586ರಲ್ಲಿ ತ್ರಿಭುವನತಿಲಕ ಚೈತ್ಯಾಲಯವೆಂಬ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಈ ಎರಡು ತೇದಿಗಳನ್ನು ಶಾಲಾಬಾಲಕರೂ ಬಲ್ಲರು. ಆದರೆ ಅವೆರಡಕ್ಕೂ ಹಿಂದೆಯೇ, 1262ರಲ್ಲಿ, ಪಾಂಡ್ಯದೇವನೆಂಬ ಅರಸನು ಆನೆಕೆರೆಯನ್ನು ತೋಡಿಸಿದನೆಂದು ಸ್ಥಳೀಯ ಇತಿಹಾಸವು ಹೇಳುತ್ತದೆ. ಅರಮನೆಯ ಆನೆಗಳಿಗೆ ಅಲ್ಲಿ ಸ್ನಾನ ಮಾಡಿಸುತ್ತಿದ್ದರೆಂಬುದು ಹೆಸರಿಗೆ ಜನರು ಕೊಡುವ ಕಾರಣ. ಈ ಕೆರೆಯ ನಡುವೆಯೂ ಒಂದು ಬಸದಿಯಿದೆ. ಪಟ್ಟಣದಲ್ಲಿ ರಾಮಸಮುದ್ರವೆಂಬ ಇನ್ನೊಂದು ವಿಶಾಲವಾದ ಕೆರೆಯುಂಟು. ಮೊದಲು ನೀರು, ಅನಂತರ ಪಟ್ಟಣ, ಆಮೇಲೆ ಬೆಟ್ಟದ ಮೇಲಣ ಮಹಾಮೂರ್ತಿ ಎಂಬ ಅನುಕ್ರಮವು ಕಾರ್ಕಳದಲ್ಲಿ ಕಾಣುತ್ತದೆ.

ಕಾಪುವಿನ ಪ್ರಸಂಗವನ್ನೂ ಇಲ್ಲಿ ಸ್ಮರಿಸಬೇಕು. ಕಾಪುವಿನ ಮರ್ದ ಹೆಗ್ಗಡೆಯು 1556ರಲ್ಲಿ ಧರ್ಮನಾಥ ತೀರ್ಥಂಕರರ ಪೂಜೆಗಾಗಿ ಮಲ್ಲಾರು ಗ್ರಾಮದಲ್ಲಿ ಭೂಮಿಯನ್ನು ಬಿಟ್ಟ ವಿಷಯ ತಾಮ್ರಪಟದಲ್ಲಿದೆ. ಆ ದತ್ತಿಗೆ ತಪ್ಪಿದವರಿಗೆ ತಟ್ಟುವ ಪಾಪವನ್ನು ಜೈನರಿಗೆ ಜೈನತೀರ್ಥಗಳ ಹೆಸರಿನಲ್ಲಿಯೂ ಶೈವ, ವೈಷ್ಣವರಿಗೆ ಅವರವರ ಕ್ಷೇತ್ರಗಳ ಹೆಸರಿನಲ್ಲಿಯೂ ಹೇಳಿರುವುದು ವಿಶೇಷ. ಬಸದಿಗೆ ಬಿಟ್ಟ ನೆಲವನ್ನು ಕಾಯುವ ಹೊಣೆ ಊರಿನ ಎಲ್ಲ ಮತದವರದೂ ಆಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಇಷ್ಟು ಮಳೆಯ ನಾಡಿನಲ್ಲಿ ಕೆರೆಯೇಕೆ ಎಂಬ ಪ್ರಶ್ನೆ ಸಹಜ. ಆ ಮಳೆಯ ಬಹುಭಾಗವೂ ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದು ಹೋಗುವುದು, ಘಟ್ಟಕ್ಕೂ ಕಡಲಿಗೂ ಇರುವ ಅಂತರವೋ ಸ್ವಲ್ಪ, ನೆಲವು ಇಳಿಜಾರು. ಮುರಕಲ್ಲು ರಂಧ್ರಮಯವಾದುದರಿಂದ ನೀರನ್ನು ಹೀರಿಕೊಂಡಷ್ಟೇ ಬೇಗ ಬಿಟ್ಟುಕೊಡುತ್ತದೆ. ಆದುದರಿಂದಲೇ ಹಿರಿಯರು ನೀರನ್ನು ಹೆಜ್ಜೆಹೆಜ್ಜೆಗೆ ತಡೆದರು. ಗುಡ್ಡದ ಓರೆಯಲ್ಲಿ ಮದಗ, ತೋಡಿಗೆ ಅಡ್ಡಲಾಗಿ ಮಣ್ಣು ಸೊಪ್ಪುಗಳ ಕಟ್ಟ, ಬಸದಿ ದೇವಸ್ಥಾನಗಳ ಮುಂದೆ ಕೆರೆ, ಕೆಳಗೆ ಗದ್ದೆ. ಗದ್ದೆಗಳಲ್ಲಿಯೂ ಬೆಟ್ಟು, ಮಜಲು, ಬೈಲು ಎಂಬ ಭೇದವಿತ್ತು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಏಣಿಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿಯೂ ಉಂಟು. ಬೈಲಿನಲ್ಲಿ ಕೊಳಕೆಯೆಂಬ ಮೂರನೆಯ ಬೆಳೆಯೂ ಬರುತ್ತಿತ್ತು. ಬೈಲುಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಮೆಲ್ಲಮೆಲ್ಲನೆ ಇಂಗಿ ಸುತ್ತಣ ಬಾವಿಗಳನ್ನು ತುಂಬಿಸುತ್ತಿತ್ತು. ಕಡಲತಡಿಯ ಕಾಪುವಿನಂತಹ ಊರುಗಳಲ್ಲಿ ಇದರ ಮಹತ್ವ ಇನ್ನೂ ಅಧಿಕ. ಅಲ್ಲಿ ನೆಲದಡಿಯ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮೇಲಿನಿಂದ ಇಂಗುವುದು ನಿಂತು ಪಂಪಿನಿಂದ ಎತ್ತುವುದು ಹೆಚ್ಚಿದರೆ ಕೆಳಗಣ ಉಪ್ಪುನೀರು ಮೇಲೇರಿ ಬಾವಿ ಕೆಡುತ್ತದೆ. ಒಮ್ಮೆ ಉಪ್ಪಾದ ಬಾವಿಯನ್ನು ಸಿಹಿ ಮಾಡುವುದು ಸುಲಭವಲ್ಲ.

ಘಟ್ಟದ ಮೇಲಣ ಶಾಸನಗಳಲ್ಲಿ ಕೆರೆಯ ದುರಸ್ತಿಗಾಗಿ ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ಹೆಸರಿನಿಂದ ಭೂಮಿಯನ್ನು ಪ್ರತ್ಯೇಕವಾಗಿ ತೆಗೆದಿಡುತ್ತಿದ್ದರು. ತುಳುನಾಡಿನಲ್ಲಿ ಒಕ್ಕಲುಗಳು ಬೇಸಗೆಯಲ್ಲಿ ಕೆರೆಯ ಕೆಸರನ್ನು ಬುಟ್ಟಿಗಳಲ್ಲಿ ಹೊತ್ತು ಗದ್ದೆಗೆ ಹಾಕುವ ಪದ್ಧತಿಯಿತ್ತು. ಕೆರೆಗೆ ಆಳ, ಗದ್ದೆಗೆ ಗೊಬ್ಬರ. 1974ರ ಭೂಸುಧಾರಣೆಯಿಂದ ಉಳುವವನಿಗೆ ನೆಲ ದೊರೆಯಿತು. ಬೆವರು ಸುರಿಸಿದವನಿಗೆ ನೆಲ ಸಂದುದು ನ್ಯಾಯವೇ. ಅನೇಕ ಬಸದಿಗಳು ಗೇಣಿಯನ್ನು ಕಳೆದುಕೊಂಡು ಸಂಕಟಪಟ್ಟರೂ ಅದನ್ನು ಅನ್ಯಾಯವೆನ್ನಲಾಗದು. ಆದರೆ ಗದ್ದೆಗೆ ಹೊಸ ಒಡೆಯನು ಬಂದಂತೆ ಕೆರೆಯ ಹೂಳಿಗೆ ಹೊಸ ಹೊಣೆಗಾರನು ಬರಲಿಲ್ಲ. ಬಸದಿಗೆ ಉತ್ಪತ್ತಿಯಿಲ್ಲ, ರೈತನಿಗೆ ಬಾಧ್ಯತೆಯಿಲ್ಲ, ಸರಕಾರಕ್ಕೆ ನೆನಪಿಲ್ಲ. ಮುಂದೆ ಕೂಲಿಯು ಏರಿ ಬೇಸಾಯವು ಗಿಟ್ಟದಾದಾಗ ಬೈಲುಗಳು ಪಾಳುಬಿದ್ದವು. ರಸ್ತೆಯ ಬದಿಯವು ಮಣ್ಣು ತುಂಬಿಸಿಕೊಂಡು ನಿವೇಶನಗಳಾದವು. ಪೇಟೆಯ ಕೊಳಚೆಯು ಸೇರಿದ ಕೆರೆಗಳಲ್ಲಿ ಅಂತರಗಂಗೆಯಂತಹ ಕಳೆಗಳು ಹಬ್ಬಿದವು. ಕಾರ್ಕಳದ ಘಟ್ಟದ ಕಡೆಯಿಂದ ಹರಿದುಬರುವ ಸ್ವರ್ಣಾನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟೆಯೇ ಉಡುಪಿ ನಗರಕ್ಕೆ ನೀರಿನ ಆಧಾರ. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಳಮುಟ್ಟಿ, ನಗರದ ಬೀದಿಗಳಲ್ಲಿ ಟ್ಯಾಂಕರುಗಳು ಓಡಾಡಿದುದನ್ನು ಯಾರೂ ಮರೆತಿಲ್ಲ. ನಾಲ್ಕು ಸಾವಿರ ಮಿಲಿಮೀಟರು ಮಳೆಯ ಸೀಮೆಯಲ್ಲಿ ಕುಡಿಯುವ ನೀರನ್ನು ಕ್ರಯಕ್ಕೆ ಕೊಳ್ಳುವ ಕಾಲ ಬಂದೀತೆಂದು ಭೈರರಸರು ಊಹಿಸಿರಲಾರರು.

ಜಗತ್ತಿನ ರಾಷ್ಟ್ರಗಳು ಜೌಗುಭೂಮಿಗಳ ರಕ್ಷಣೆಗಾಗಿ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಒಪ್ಪಂದ ಮಾಡಿಕೊಂಡವು. ಭಾರತವು 1982ರಲ್ಲಿ ಅದಕ್ಕೆ ಸೇರಿತು. ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಆ ಪಟ್ಟಿಯನ್ನು ಸೇರಿದವು. ಕೇಂದ್ರ ಸರಕಾರದ 2017ರ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಿಂದ ಭತ್ತದ ಗದ್ದೆಗಳನ್ನೂ, ಕುಡಿಯುವ ನೀರಿಗಾಗಲಿ ನೀರಾವರಿಗಾಗಲಿ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನೂ ಹೊರಗಿಟ್ಟಿವೆ. ಎಂದರೆ ಬೈಲಿಗೂ ಅನೇಕ ಹಳೆಯ ಕೆರೆಗಳಿಗೂ ಆ ಕಾನೂನಿನ ಆಸರೆ ಇಲ್ಲ. ಊರವರೇ ಕಾಯಬೇಕು.

ಶ್ರಾವಕರಿಗೆ ಇದು ಹೊಸ ಪಾಠವೇನಲ್ಲ. ನೀರನ್ನೇ ದೇಹವಾಗಿ ಧರಿಸಿದುದು ಅಪ್ಕಾಯಿಕವೆಂಬ ಏಕೇಂದ್ರಿಯ ಜೀವವೆಂದು ಆಗಮವು ಬೋಧಿಸುತ್ತದೆ. ನೀರನ್ನು ಸೋಸಿ ಕುಡಿಯುವುದು ಎಲ್ಲರಿಗೂ ತಿಳಿದ ಆಚಾರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಬಾವಿಗೇ ಹಿಂದಕ್ಕೆ ಬಿಡಬೇಕೆಂಬ ವಿಧಿಯನ್ನು ಮಾತ್ರ ಹಲವರು ಮರೆತಿದ್ದಾರೆ. ಗೃಹಸ್ಥನು ಮಾಡಬಾರದ ಹದಿನೈದು ಬಗೆಯ ಉದ್ಯೋಗಗಳನ್ನು ಶ್ರಾವಕಾಚಾರ ಗ್ರಂಥಗಳು ಎಣಿಸಿವೆ. ವಿಷದ ವ್ಯಾಪಾರ, ದಂತದ ವ್ಯಾಪಾರ, ಕಾಡಿಗೆ ಬೆಂಕಿಯಿಡುವುದು ಇವುಗಳ ಸಾಲಿನಲ್ಲಿಯೇ ‘ಸರಃಶೋಷ’ವೂ ಇದೆ. ಸರೋವರವನ್ನು ಬತ್ತಿಸುವುದೆಂದು ಅದರ ಅರ್ಥ. ಕೆರೆಯನ್ನು ಬತ್ತಿಸಿದರೆ ಮೀನು, ಕಪ್ಪೆ, ಬಸವನಹುಳುಗಳೂ ಅವುಗಳನ್ನು ನಂಬಿದ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳೂ ಒಟ್ಟಿಗೆ ನಾಶವಾಗುತ್ತವೆ. ವಿಷ, ದಂತಗಳ ವ್ಯಾಪಾರವನ್ನು ಯಾವ ಜೈನ ವರ್ತಕನೂ ಇಂದು ಕೈಗೊಳ್ಳನು. ಆದರೆ ಬೈಲಿಗೆ ಮಣ್ಣು ತುಂಬಿ ನಿವೇಶನವಾಗಿ ಮಾರುವುದು ಅದೇ ಪಟ್ಟಿಯಲ್ಲಿ ಬರುವ ಕರ್ಮವೆಂಬುದನ್ನು ವರ್ತಕ ಸಮಾಜವು ವಿಚಾರಿಸಿದಂತೆ ಕಾಣುವುದಿಲ್ಲ.

ಕೆಲಸವು ಅಸಾಧ್ಯವೇನೂ ಅಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 2016ರಲ್ಲಿ ಆರಂಭವಾದ ‘ನಮ್ಮೂರು ನಮ್ಮ ಕೆರೆ’ ಯೋಜನೆಯಿಂದ ರಾಜ್ಯದ ನೂರಾರು ಕೆರೆಗಳು ಪುನಶ್ಚೇತನಗೊಂಡಿವೆ. ಊರಿನಲ್ಲಿ ಕೆರೆಸಮಿತಿಯನ್ನು ರಚಿಸಿ ಅದಕ್ಕೇ ಹೊಣೆ ವಹಿಸುವುದು ಅಲ್ಲಿನ ಕ್ರಮ. ಆನೆಕೆರೆಯ ಹೂಳನ್ನು ಸಾರ್ವಜನಿಕರ ಸಹಕಾರದಿಂದ ಎತ್ತಿದುದೂ ಉಂಟು. ಬಸದಿಗಳ ಆಡಳಿತ ಮಂಡಳಿಯವರು ಮೊದಲು ಮಾಡಬೇಕಾದುದು ಕೆರೆಯ ಗಡಿಯನ್ನು ಅಳತೆ ಮಾಡಿಸಿ ಪಹಣಿಯಲ್ಲಿ ಸರಿಯಾಗಿ ದಾಖಲಿಸುವುದು. ದಾಖಲೆಯಿಲ್ಲದ ಕೆರೆ ದಿನೇದಿನೇ ಕಿರಿದಾಗುತ್ತದೆ. ನೀರು ಬರುವ ತೋಡನ್ನು ತೆರೆದಿಡದೆ ಕೆರೆಯನ್ನಷ್ಟೇ ಆಳ ಮಾಡಿದರೆ ಫಲವಿಲ್ಲ. ನಾಲ್ಕು ಸುತ್ತಲೂ ಕಾಂಕ್ರೀಟು ಗೋಡೆಯನ್ನೆಬ್ಬಿಸುವ ಈಚಿನ ಹವ್ಯಾಸವು ನೋಟಕ್ಕೆ ಚೆಂದ. ನೀರು ಬದಿಗೆ ಇಂಗದು, ಕಪ್ಪೆ ದಡಕ್ಕೇರದು. ಒಂದು ಪಾರ್ಶ್ವವನ್ನಾದರೂ ಮಣ್ಣಿನ ಇಳಿಜಾರಾಗಿ, ಜೊಂಡುಹುಲ್ಲಿನೊಡನೆ ಉಳಿಸಬೇಕು. ಹೂಳೆತ್ತುವಾಗ ಜಲಚರಗಳ ಆಶ್ರಯಕ್ಕಾಗಿ ಒಂದು ಗುಂಡಿಯಲ್ಲಿ ನೀರನ್ನು ಬಿಟ್ಟು, ಅರ್ಧ ಈ ವರ್ಷ, ಉಳಿದರ್ಧ ಮುಂದಿನ ವರ್ಷವೆಂದು ಮಾಡಿದರೆ ಹಿಂಸೆಯು ಬಹಳ ಕಡಿಮೆಯಾಗುತ್ತದೆ. ಪೂಜೆಯ ಹೂವು, ಪ್ಲಾಸ್ಟಿಕ್ ಚೀಲ, ಸಾಬೂನು ಕೆರೆಗೆ ಬೀಳಕೂಡದು.

ಪ್ರತಿಷ್ಠಾ ಮಹೋತ್ಸವದ ಅಗ್ರೋದಕ ಮೆರವಣಿಗೆಯ ಕಲಶಗಳನ್ನು ಈಗ ಅನೇಕ ಕಡೆ ನಲ್ಲಿಯ ನೀರಿನಿಂದ ತುಂಬಿಸುವರು. ಊರಿನ ಕೆರೆಯ ನೀರು ಅಭಿಷೇಕಕ್ಕೆ ಯೋಗ್ಯವಾಗಿರಬೇಕೆಂದು ಸಮಿತಿಯವರು ಸಂಕಲ್ಪಿಸಿದರೆ, ಮಾಘಮಾಸದಲ್ಲಿ ನೀರು ಇಳಿಯತೊಡಗಿದೊಡನೆ ಕೆಲಸವನ್ನಾರಂಭಿಸಿ, ಕೆಸರನ್ನು ಗದ್ದೆಗಳಿಗೆ ಸಾಗಿಸಿ, ಪತ್ತನಾಜೆಯೊಳಗೆ ತೋಡುಗಳನ್ನು ಬಿಡಿಸಿ ಮುಗಿಸಬಹುದು. ಅಲ್ಲಿಂದ ಮುಂದೆ ಹದಿನೈದು ಇಪ್ಪತ್ತು ದಿನಗಳಲ್ಲಿ ಮಳೆ ಹಿಡಿಯುತ್ತದೆ.