ಲೋಪವಾದ ಸ್ವರದ ಗುರುತು

ಹಳೆಯ ಇಂಗ್ಲಿಷಿನಲ್ಲಿ 'ಕ್ಯುನಿಂಗೆಸ್' ಎಂದರೆ ಅರಸನ. 'ಕ್ಯುನಿಂಗ' ಎಂದರೆ ಅರಸರ. ನಮ್ಮ ಷಷ್ಠೀ ವಿಭಕ್ತಿಯಲ್ಲಿರುವಂತೆಯೇ ವಚನಭೇದ ಕಿವಿಗೇ ತಿಳಿಯುತ್ತಿತ್ತು. ಕ್ರಮೇಣ ಪ್ರತ್ಯಯಗಳು ಸವೆದು ಎರಡಕ್ಕೂ 'ಕಿಂಗ್ಸ್' ಎಂಬ ಒಂದೇ ಉಚ್ಚಾರಣೆ ಉಳಿಯಿತು.

ಅಪಾಸ್ಟ್ರಫಿ ಲೋಪದ ಚಿಹ್ನೆ. ಲೋಪವಾದುದೇನು? 'ಹಿಸ್', ಎಂದರೆ 'ಅವನ' ಎಂಬ ಪದವೆಂದು ಬಹುಕಾಲ ನಂಬಿದ್ದರು. 1605ರಲ್ಲಿ ಅಚ್ಚಾದ ಬೆನ್ ಜಾನ್ಸನ್ನನ ನಾಟಕದ ಹೆಸರೇ 'ಸಿಜೇನಸ್ ಹಿಸ್ ಫಾಲ್'. ಸ್ತ್ರೀವಾಚಕಗಳಿಗೂ ಸಕಾರವೇ ಹತ್ತುವುದನ್ನು ತೋರಿಸಿ, ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ನಿಘಂಟಿನಲ್ಲಿ ಆ ನಂಬಿಕೆಯನ್ನು ತಳ್ಳಿಹಾಕಿದ. ಲೋಪವಾದುದು ಹಳೆಯ ಎಕಾರವಷ್ಟೆ.

ಏಕವಚನದಲ್ಲಿ ಸಕಾರಕ್ಕೆ ಮೊದಲು ಬರುವ ಚಿಹ್ನೆ 17ನೆಯ ಶತಮಾನದ ಕೊನೆಯ ಹೊತ್ತಿಗೆ ನೆಲೆಗೊಂಡಿತು. ಬಹುವಚನದಲ್ಲಿ ಸಕಾರವಾದ ಮೇಲೆ ಬರುವುದು 18ನೆಯ ಶತಮಾನದ ಕೊನೆಗೆ. ಎರಡನೆಯದರಲ್ಲಿ ಯಾವ ಅಕ್ಷರವೂ ಲೋಪವಾಗಿಲ್ಲ. ಆದರೂ, ಕನ್ನಡ ಪಾಠ ಹೇಳುವ ನನಗೆ ಅದು ವ್ಯರ್ಥವೆನಿಸದು: ನಾಲಗೆ ಕಳೆದುಕೊಂಡ ವಚನಭೇದವನ್ನು ಅಚ್ಚಿನ ಮೊಳೆ ಕಣ್ಣಿಗಾದರೂ ಉಳಿಸಿಕೊಟ್ಟಿದೆ.