ಹೊರಟ ರೈಲನ್ನು ಓಡಿ ಹತ್ತಬಹುದೇ? ಪ್ಲಾಟ್‌ಫಾರಂ ಬಗ್ಗೆ ಹರಿದಾಡುವ ಆರು ಮಾತುಗಳು ಮತ್ತು ಸತ್ಯಾಂಶ

ರೈಲು ಮೆಲ್ಲನೆ ಹೊರಟಿರುತ್ತದೆ. ಒಬ್ಬರು ಬ್ಯಾಗ್ ಹಿಡಿದು ಓಡಿ ಬರುತ್ತಾರೆ, ಬಾಗಿಲ ಕಂಬಿ ಹಿಡಿಯುತ್ತಾರೆ, ಕಾಲು ಜಾರುತ್ತದೆ. ಅಷ್ಟರಲ್ಲಿ ಆರ್‌ಪಿಎಫ್ ಸಿಬ್ಬಂದಿಯೊಬ್ಬರು ಹಾರಿ ಬಂದು ಅವರನ್ನು ಈಚೆಗೆ ಎಳೆದು ಉಳಿಸುತ್ತಾರೆ. ಇಂಥ ಸಿಸಿಟಿವಿ ವಿಡಿಯೊ ನಿಮ್ಮ ವಾಟ್ಸ್ಆಪ್ ಗುಂಪಿಗೂ ಬಂದಿರಬಹುದು. ಅದರ ಜೊತೆಗೆ ಹಲವು ಸಲಹೆಗಳೂ ಬರುತ್ತವೆ. ಅವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಒಂದೊಂದಾಗಿ ನೋಡೋಣ.

1. "ರೈಲು ಈಗಷ್ಟೇ ಹೊರಟಿದೆ, ನಿಧಾನಕ್ಕಿದೆ, ಹತ್ತಬಹುದು"

ಸತ್ಯಾಂಶ: ಕಣ್ಣಿಗೆ ನಿಧಾನ ಅನ್ನಿಸುವುದು ನಿಜ. ಆದರೆ ವೇಗ ಪ್ರತಿ ಸೆಕೆಂಡಿಗೂ ಏರುತ್ತಲೇ ಇರುತ್ತದೆ.

ಒಂದು ಸರಳ ಲೆಕ್ಕ ಮಾಡೋಣ. ರೈಲಿನ ವೇಗ ಪ್ರತಿ ಸೆಕೆಂಡಿಗೆ 0.2 ಮೀಟರ್‌ನಷ್ಟು ಏರುತ್ತದೆ ಎಂದಿಟ್ಟುಕೊಳ್ಳಿ. 5 ಸೆಕೆಂಡಿಗೆ ಅದು ಗಂಟೆಗೆ 3.6 ಕಿ.ಮೀ. ವೇಗದಲ್ಲಿರುತ್ತದೆ, ಅಂದರೆ ನಾವು ನಡೆಯುವ ವೇಗ. 10 ಸೆಕೆಂಡಿಗೆ 7.2 ಕಿ.ಮೀ. 15 ಸೆಕೆಂಡಿಗೆ ಸುಮಾರು 11 ಕಿ.ಮೀ., ಅಂದರೆ ಓಡುವ ವೇಗ. ಅಷ್ಟು ಹೊತ್ತಿಗೆ ರೈಲು ಮುಂದೆ ಹೋಗಿರುವುದು ಸುಮಾರು 22 ಮೀಟರ್ ಮಾತ್ರ, ಹೆಚ್ಚುಕಡಿಮೆ ಒಂದು ಬೋಗಿಯ ಉದ್ದದಷ್ಟು.

ಹಾಗಾಗಿ ನೀವು "ಹತ್ತಬಹುದು" ಎಂದು ನಿರ್ಧರಿಸಿದಾಗ ಇದ್ದ ವೇಗವೇ ಬೇರೆ, ನಿಮ್ಮ ಕೈ ಕಂಬಿ ಮುಟ್ಟುವಾಗ ಇರುವ ವೇಗವೇ ಬೇರೆ. ಕಂಬಿ ಹಿಡಿದ ಕೂಡಲೇ ಕೈಯನ್ನು ರೈಲು ಮುಂದಕ್ಕೆ ಎಳೆಯುತ್ತದೆ, ಕಾಲು ಇನ್ನೂ ಪ್ಲಾಟ್‌ಫಾರಂ ಮೇಲೆಯೇ ಇರುತ್ತದೆ. ದೇಹ ಕಂಬಿಯ ಸುತ್ತ ತಿರುಗಿ ಬೋಗಿಯ ಕಡೆಗೆ ವಾಲುತ್ತದೆ. ಒಂದು ಕೈಯಲ್ಲಿ ಬ್ಯಾಗ್ ಅಥವಾ ಮೊಬೈಲ್ ಇದ್ದರೆ ಸಾವರಿಸಿಕೊಳ್ಳಲು ಇನ್ನೊಂದು ಕೈ ಇರುವುದೇ ಇಲ್ಲ.

2. "ಬಿದ್ದರೆ ಪ್ಲಾಟ್‌ಫಾರಂ ಮೇಲೆ ತಾನೇ ಬೀಳುವುದು, ತರಚು ಗಾಯ ಅಷ್ಟೇ"

ಸತ್ಯಾಂಶ: ತಪ್ಪು. ಈ ಆರರಲ್ಲಿ ಅತಿ ಅಪಾಯಕಾರಿ ಮಾತು ಇದೇ.

ನಮ್ಮ ದೇಶದ ಎತ್ತರದ ಪ್ಲಾಟ್‌ಫಾರಂಗಳು ಹಳಿಯ ಮಟ್ಟದಿಂದ 76ರಿಂದ 84 ಸೆಂಟಿಮೀಟರ್ ಮೇಲಿರುತ್ತವೆ. ಬೋಗಿಯ ನೆಲ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿರುತ್ತದೆ. ಈ ವ್ಯತ್ಯಾಸ ತುಂಬಲೆಂದೇ ಬಾಗಿಲಲ್ಲಿ ಮೆಟ್ಟಿಲುಗಳಿವೆ. ಸಣ್ಣ ಊರುಗಳ ತಗ್ಗು ಪ್ಲಾಟ್‌ಫಾರಂಗಳಲ್ಲಿ ಇನ್ನೂ ಎತ್ತರಕ್ಕೆ ಹತ್ತಬೇಕು.

ಓಡುವ ರೈಲು ಪ್ಲಾಟ್‌ಫಾರಂಗೆ ತಗುಲಬಾರದು, ಆದ್ದರಿಂದ ಎರಡರ ನಡುವೆ ಸಂದು ಬಿಡಲೇಬೇಕು. ಪ್ಲಾಟ್‌ಫಾರಂ ತಿರುವಿನಲ್ಲಿದ್ದರೆ ಈ ಸಂದು ಇನ್ನೂ ಅಗಲವಾಗುತ್ತದೆ. ಮೆಟ್ಟಿಲಿನಿಂದ ಜಾರಿದ ಕಾಲು ಇಳಿಯುವುದು ಈ ಸಂದಿನೊಳಗೇ. ಅದರ ಕೆಳಗೆ ಹಳಿ ಮತ್ತು ಚಕ್ರ. ವಿಡಿಯೊದಲ್ಲಿ ಉಳಿದವರನ್ನು ಉಳಿಸಿದ್ದು ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬರ ಸಮಯಪ್ರಜ್ಞೆ. ಎಲ್ಲ ಬಾಗಿಲ ಎದುರಿಗೂ ಅಂಥವರು ನಿಂತಿರುವುದಿಲ್ಲ.

3. "ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಇಳಿದು ನಾಲ್ಕು ಹೆಜ್ಜೆ ಓಡಿದರೆ ಏನೂ ಆಗುವುದಿಲ್ಲ"

ಸತ್ಯಾಂಶ: ಅರ್ಧ ಸತ್ಯ. ಶಾಲೆಯಲ್ಲಿ ಜಡತ್ವದ ಪಾಠ ಓದಿದವರಿಗೆ ಇದು ನೆನಪಿರುತ್ತದೆ. ಚಲಿಸುವ ವಾಹನದಿಂದ ಇಳಿದಾಗ ಕಾಲು ನೆಲಕ್ಕೆ ತಾಗಿ ನಿಲ್ಲುತ್ತದೆ, ಮೇಲಿನ ದೇಹ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅದಕ್ಕೇ ಮುಗ್ಗರಿಸಿ ಬೀಳುತ್ತೇವೆ. ಅದೇ ದಿಕ್ಕಿಗೆ ಓಡಿದರೆ ಬೀಳುವ ಸಾಧ್ಯತೆ ಕಡಿಮೆ ಎಂಬ ವಿವರಣೆ ಸರಿ.

ಆದರೆ ಅದು ಭೌತಶಾಸ್ತ್ರದ ಉದಾಹರಣೆ, ಸುರಕ್ಷತೆಯ ಸಲಹೆಯಲ್ಲ. ಗಂಟೆಗೆ 10 ಕಿ.ಮೀ. ಎಂದರೆ ಸೆಕೆಂಡಿಗೆ 2.8 ಮೀಟರ್. ಮೆಟ್ಟಿಲಿನಿಂದ ಕೆಳಗೆ ಕಾಲಿಟ್ಟ ಮೊದಲ ಹೆಜ್ಜೆಯಲ್ಲೇ ನೀವು ಅಷ್ಟು ವೇಗವಾಗಿ ಓಡುತ್ತಿರಬೇಕು. ಎದುರಿಗೆ ಟ್ರಾಲಿ, ಕಂಬ, ಚಹಾ ಮಾರುವವರು, ಸೂಟ್‌ಕೇಸ್ ಮೇಲೆ ಕೂತ ಜನ ಇರುತ್ತಾರೆ. ಸೀರೆ, ಚಪ್ಪಲಿ, ಹೆಗಲ ಚೀಲ, ಕಂಕುಳಲ್ಲಿ ಮಗು ಇದ್ದರಂತೂ ಮುಗಿದೇ ಹೋಯಿತು.

4. "ಎಲ್ಲರೂ ಹತ್ತಿದ್ದನ್ನು ನೋಡಿಯೇ ಗಾರ್ಡ್ ಹಸಿರು ಬಾವುಟ ತೋರಿಸುತ್ತಾರೆ"

ಸತ್ಯಾಂಶ: ಗಾರ್ಡ್ ಇರುವುದು ರೈಲಿನ ಕೊನೆಯಲ್ಲಿ. ಈ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರಿದೆ. ಇಪ್ಪತ್ತಕ್ಕೂ ಹೆಚ್ಚು ಬೋಗಿಗಳ ರೈಲಿನಲ್ಲಿ, ಜನಜಂಗುಳಿಯ ನಡುವೆ, ಪ್ರತಿಯೊಂದು ಬಾಗಿಲೂ ಅವರಿಗೆ ಕಾಣುವುದಿಲ್ಲ. ಎಂಜಿನ್‌ನಲ್ಲಿರುವ ಲೋಕೊ ಪೈಲಟ್‌ಗೂ ಅಷ್ಟೇ.

ನಮ್ಮ ಬಹುಪಾಲು ರೈಲುಗಳ ಬಾಗಿಲನ್ನು ಪ್ರಯಾಣಿಕರೇ ಕೈಯಿಂದ ತೆಗೆದು ಹಾಕುತ್ತಾರೆ. ಬಾಗಿಲು ತೆರೆದಿದ್ದರೂ ರೈಲು ಹೊರಡುತ್ತದೆ. ಮೆಟ್ರೊ ಮತ್ತು 2019ರಲ್ಲಿ ಶುರುವಾದ ವಂದೇ ಭಾರತ್ ರೈಲುಗಳಲ್ಲಿ ಹಾಗಲ್ಲ, ಬಾಗಿಲು ತಾನಾಗಿಯೇ ಮುಚ್ಚಿದ ಮೇಲೆ ರೈಲು ಹೊರಡುತ್ತದೆ. ಮೈಸೂರು–ಚೆನ್ನೈ ವಂದೇ ಭಾರತ್‌ನಲ್ಲಿ ಹೋದವರು ಇದನ್ನು ಗಮನಿಸಿರಬಹುದು. ಅಲ್ಲಿ ಮುಚ್ಚುತ್ತಿರುವ ಬಾಗಿಲಿಗೆ ಕೈ ಅಡ್ಡ ಹಾಕಬೇಡಿ.

5. "ಚೈನ್ ಎಳೆದರೆ ಜೈಲು ಗ್ಯಾರಂಟಿ, ಯಾರು ಬಿದ್ದರೂ ಮುಟ್ಟಬೇಡಿ"

ಸತ್ಯಾಂಶ: ತಪ್ಪು. 1989ರ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್ ಶಿಕ್ಷೆ ಹೇಳುವುದು ಸರಿಯಾದ ಕಾರಣವಿಲ್ಲದೆ ಚೈನ್ ಎಳೆದವರಿಗೆ. ಅವರಿಗೆ ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಯಾರಾದರೂ ಸಂದಿಗೆ ಬಿದ್ದಿದ್ದರೆ, ಬಾಗಿಲಲ್ಲಿ ಸಿಕ್ಕಿ ಎಳೆದುಕೊಂಡು ಹೋಗುತ್ತಿದ್ದರೆ ಅದು ಸರಿಯಾದ ಕಾರಣವೇ. ಒಳಗಿರುವವರು ಹಿಂದೆ ಮುಂದೆ ನೋಡದೆ ಎಳೆಯಬೇಕು. ಆದರೆ ಎಳೆದ ಕ್ಷಣವೇ ರೈಲು ನಿಲ್ಲುವುದಿಲ್ಲ, ಬ್ರೇಕ್ ಹಿಡಿದು ನಿಲ್ಲಲು ಸಮಯ ಬೇಕು.

ನೀವು ಪ್ಲಾಟ್‌ಫಾರಂ ಮೇಲಿದ್ದರೆ? ಗಾರ್ಡ್ ಕಡೆಗೆ ತಿರುಗಿ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿ. ಬಾವುಟ, ದೀಪ ಇಲ್ಲದಾಗ ರೈಲ್ವೆಯಲ್ಲಿ ಅಪಾಯ ಸೂಚಿಸುವ ಸಂಕೇತ ಇದೇ.

6. "ಓಡುವ ರೈಲು ಹತ್ತಲು ಹೋಗಿ ಬಿದ್ದರೆ ತಪ್ಪು ನಿಮ್ಮದೇ, ಪರಿಹಾರ ಸಿಗುವುದಿಲ್ಲ"

ಸತ್ಯಾಂಶ: ತಪ್ಪು. ಇದನ್ನು ನಂಬಿ ಸುಮ್ಮನಾಗುವ ಕುಟುಂಬಗಳು ತಮ್ಮ ಹಕ್ಕನ್ನೇ ಕಳೆದುಕೊಳ್ಳುತ್ತವೆ.

ರೈಲ್ವೆ ಕಾಯ್ದೆಯ 124ಎ ಸೆಕ್ಷನ್ ಪ್ರಕಾರ ಪ್ರಯಾಣಿಕರು ಆಕಸ್ಮಿಕವಾಗಿ ರೈಲಿನಿಂದ ಬಿದ್ದರೆ ಪರಿಹಾರ ಉಂಟು. ಹತ್ತುವಾಗ ಅಥವಾ ಇಳಿಯುವಾಗ ಬಿದ್ದರೂ ಇದು ಅನ್ವಯಿಸುತ್ತದೆ, ಬರೀ ಅಜಾಗರೂಕತೆ ಎಂಬ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಟಿಕೆಟ್ ಕಳೆದುಹೋಗಿದೆ ಎಂಬ ಒಂದೇ ಕಾರಣಕ್ಕೂ ಅರ್ಜಿ ಬಿದ್ದುಹೋಗುವುದಿಲ್ಲ. ಪ್ಲಾಟ್‌ಫಾರಂ ಟಿಕೆಟ್ ಇದ್ದವರನ್ನೂ ಈ ಸೆಕ್ಷನ್ ಒಳಗೊಳ್ಳುತ್ತದೆ. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಕುಡಿದ ಅಮಲು ಇಂಥ ಸಂದರ್ಭಗಳಲ್ಲಿ ಪರಿಹಾರವಿಲ್ಲ.

2017ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸಾವಿಗೆ 8 ಲಕ್ಷ ರೂಪಾಯಿ ಪರಿಹಾರವಿದೆ. ಗಾಯಕ್ಕೆ ಅದರ ತೀವ್ರತೆ ನೋಡಿ ಮೊತ್ತ ನಿಗದಿಯಾಗುತ್ತದೆ. ಘಟನೆ ನಡೆದ ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲೂ ಅದರ ಪೀಠವಿದೆ.

ಹಾಗಾದರೆ ಏನು ಮಾಡಬೇಕು?

ಹೊರಟ ರೈಲಿಗೆ ಜನ ಓಡುವುದು ಮೋಜಿಗಲ್ಲ. ಹೆಂಡತಿ ಮಕ್ಕಳು ಒಳಗಿದ್ದಾರೆ, ನೀರಿನ ಬಾಟಲಿ ತರಲು ಇಳಿದವರು ಹೊರಗಿದ್ದಾರೆ. ಅಜ್ಜಿಯನ್ನು ಸೀಟಿನಲ್ಲಿ ಕೂರಿಸಲು ಹತ್ತಿದವರು ಒಳಗೇ ಉಳಿದಿದ್ದಾರೆ. ಗಾಬರಿಯಲ್ಲಿ ಯೋಚಿಸಲು ಆಗುವುದಿಲ್ಲ, ಆದ್ದರಿಂದ ಮೊದಲೇ ಮಾತಾಡಿಕೊಂಡಿರಿ.

- ಕುಟುಂಬದವರು ಒಳಗೆ, ನೀವು ಹೊರಗೆ ಉಳಿದರೆ: ಓಡಬೇಡಿ. ಫೋನ್ ಮಾಡಿ, ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಲು ಹೇಳಿ. ಸ್ಟೇಷನ್ ಮಾಸ್ಟರ್ ಅಥವಾ ಆರ್‌ಪಿಎಫ್‌ಗೆ ತಿಳಿಸಿ, ಇಲ್ಲವೇ 139ಕ್ಕೆ ಕರೆ ಮಾಡಿ.
- ಮಕ್ಕಳು ಮಾತ್ರ ಒಳಗೆ ಉಳಿದರೆ: ರೈಲಿನ ಹೆಸರು, ಬೋಗಿ ಮತ್ತು ಸೀಟಿನ ಸಂಖ್ಯೆಯನ್ನು 139ಕ್ಕೆ ಹೇಳಿ. ಇವು ಪ್ರತಿಯೊಬ್ಬರ ಫೋನ್‌ನಲ್ಲೂ ಇರಲಿ.
- ಬೀಳ್ಕೊಡಲು ಹತ್ತಿದಾಗ ರೈಲು ಹೊರಟರೆ: ಹಾರಬೇಡಿ. ಟಿಟಿಇಗೆ ನಡೆದದ್ದನ್ನು ಹೇಳಿ ಮುಂದಿನ ನಿಲ್ದಾಣದಲ್ಲಿ ಇಳಿಯಿರಿ. ಟಿಕೆಟ್ ಇಲ್ಲದ್ದಕ್ಕೆ ದರದ ಜೊತೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಶುಲ್ಕ ಬೀಳಬಹುದು. ಕಾಲಿಗಿಂತ ಅದು ದೊಡ್ಡದಲ್ಲ.
- ಬ್ಯಾಗ್ ಒಳಗೆ, ನೀವು ಹೊರಗೆ ಇದ್ದರೆ: ಬ್ಯಾಗ್ ಹೋಗಲಿ ಬಿಡಿ. 139ಕ್ಕೆ ತಿಳಿಸಿ.
- ನೀರು, ತಿಂಡಿಗೆ ಇಳಿಯಬೇಕಾದರೆ: ರೈಲು ಅಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ತಡವಾಗಿ ಬಂದ ರೈಲು ಬೇಗ ಹೊರಡಬಹುದು. ವಿದ್ಯುತ್ ಎಂಜಿನ್ ಇದ್ದರೆ ಹೊರಟಿದ್ದು ಗಮನಕ್ಕೇ ಬಾರದಿರಬಹುದು.
- ಕೊನೆ ಗಳಿಗೆಯಲ್ಲಿ ಬಂದರೆ, ರೈಲು ಇನ್ನೂ ನಿಂತಿದ್ದರೆ: ಎದುರಿಗಿರುವ ಬೋಗಿಗೇ ಹತ್ತಿ, ನಿಮ್ಮ ಬೋಗಿ ಹುಡುಕುತ್ತಾ ಓಡಬೇಡಿ. ಒಳಗಿಂದ ದಾರಿ ಇಲ್ಲದಿದ್ದರೆ ಮುಂದಿನ ನಿಲ್ದಾಣದಲ್ಲಿ ಬದಲಿಸಿ.

ರೈಲು ತಪ್ಪಿದರೆ ಟಿಕೆಟ್ ಹಣ ಹೋಗುತ್ತದೆ, ಒಂದು ಕಾರ್ಯಕ್ರಮ ತಪ್ಪುತ್ತದೆ, ಮನೆಯವರ ಬೈಗುಳ ಕೇಳಬೇಕಾಗುತ್ತದೆ. ಇವೆಲ್ಲವನ್ನೂ ಸರಿಮಾಡಿಕೊಳ್ಳಬಹುದು. ಮುಂದಿನ ಸಲ ಅಂಥ ವಿಡಿಯೊ ಬಂದಾಗ ಗುಂಪಿಗೆ ಕಳಿಸುವ ಮುನ್ನ ಅದರ ಕೆಳಗೆ ಒಂದು ಸಾಲು ಸೇರಿಸಿ: "ರೈಲು ಅಲುಗಾಡಿದರೆ ಹತ್ತಬೇಡಿ, ಇಳಿಯಬೇಡಿ. ಸಹಾಯಕ್ಕೆ 139."