ವಾರಾನ್ನದಿಂದ ವಿದ್ಯಾರ್ಥಿನಿಲಯದವರೆಗೆ

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನೊಬ್ಬನ ಪ್ರಾರ್ಥನೆಯುಂಟು. ಬ್ರಹ್ಮಚಾರಿಗಳು ಎಲ್ಲ ಕಡೆಗಳಿಂದಲೂ ತನ್ನ ಬಳಿಗೆ ಬರಲೆಂದು ಬೇಡುವುದಕ್ಕೆ ಮೊದಲು ಆತನು ವಸ್ತ್ರಗಳನ್ನೂ ಗೋವುಗಳನ್ನೂ ಸದಾಕಾಲದ ಅನ್ನಪಾನಗಳನ್ನೂ ಬೇಡುವನು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಈ ಭಾಗವನ್ನು ಸ್ವರಸಹಿತವಾಗಿ ಬಾಯಿಪಾಠ ಮಾಡಿದಾಗ ಈ ಅನುಕ್ರಮದ ಸ್ವಾರಸ್ಯವು ನನಗೆ ಹೊಳೆಯಲಿಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ವಿಶ್ರಾಂತನಾದ ಈಗ ಹೊಳೆಯುತ್ತಿದೆ. ಶಿಷ್ಯನ ಯೋಗಕ್ಷೇಮವನ್ನು ಮೊದಲು ಚಿಂತಿಸದ ಗುರುವಿಗೆ ಶಿಷ್ಯನನ್ನು ಕರೆಯುವ ಅಧಿಕಾರವಿಲ್ಲ.

ನಮ್ಮ ಸೀಮೆಯ ಚರಿತ್ರೆಯೂ ಇದನ್ನೇ ಸಾರುತ್ತದೆ. ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಊಳಿಗದವಳು. ಅರಮನೆಯ ಆಶ್ರಯವೂ ಅಳಸಿಂಗರಾರ್ಯರ ಶಿಕ್ಷಣವೂ ಒಂದೇ ಎಡೆಯಲ್ಲಿ ದೊರೆತುದರಿಂದ ಆಕೆಯಿಂದ ‘ಹದಿಬದೆಯ ಧರ್ಮ’ವು ಹೊರಬಂದಿತು. ಪ್ರತಿಭೆಯು ಆಕೆಯದೇ, ಆದರೆ ಅದನ್ನು ಗುರುತಿಸಿ ಕಾಪಾಡಿದವರು ಬೇರೆಯವರು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲವು ಹನೂರಿನ ಮಲೆಗಳ ಸಮೇತ ಕುಂಪಣಿ ಸರ್ಕಾರಕ್ಕೆ ಸೇರಿ, ಮುಂದೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದಿತು. ನೆರೆಯ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಮೈಸೂರಿನಿಂದ ಜಹಗೀರಾಗಿ ದೊರೆಯಿತು. ಅಕ್ಕಪಕ್ಕದ ಊರುಗಳ ಮಕ್ಕಳು ಎರಡು ಸರ್ಕಾರಗಳಿಗೆ ಸೇರಿದವರಾದರು. ಆದರೆ ಹಳ್ಳಿಯಿಂದ ಪಟ್ಟಣಕ್ಕೆ ಓದಲು ಹೊರಟ ಬಡ ಹುಡುಗನಿಗೆ ಎಲ್ಲಿಯಾದರೂ ಪ್ರಶ್ನೆಯೊಂದೇ: ಊಟವೆಲ್ಲಿ, ಮಲಗುವುದೆಲ್ಲಿ?

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರದು, ಹೀಗೆ ಏಳು ಮನೆಗಳಲ್ಲಿ ಉಂಡು ಹುಡುಗನು ಓದುತ್ತಿದ್ದನು. ಈ ಪದ್ಧತಿಯಿಂದ ವಿದ್ಯಾವಂತರಾದವರ ಸಂಖ್ಯೆ ಅಲ್ಪವಲ್ಲ. ಆ ತಾಯಂದಿರ ಋಣವು ತೀರುವಂಥದೂ ಅಲ್ಲ. ಆದರೆ ಇದರ ಕುಂದನ್ನೂ ಮುಚ್ಚಿಡಲಾಗದು. ವಾರದ ಮನೆಯ ಬಾಗಿಲು ಜಾತಿಯನ್ನು ನೋಡಿ ತೆರೆಯುತ್ತಿದ್ದಿತು. ಯಾರ ಮಗುವಿಗೆ ಆಶ್ರಯವು ಹೆಚ್ಚು ಅವಶ್ಯವೋ ಅದಕ್ಕೇ ಬಾಗಿಲು ಮುಚ್ಚಿದ್ದಿತು.

ಈ ನ್ಯೂನತೆಯನ್ನು ಕಂಡು ಮರುಗಿದವರೂ ಹುಟ್ಟಿದರು. ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ತಾತಯ್ಯನೆಂದೇ ಜನರಿಂದ ಕರೆಯಿಸಿಕೊಂಡ ಎಂ. ವೆಂಕಟಕೃಷ್ಣಯ್ಯನವರು ಪಾಠಕ್ಕೆ ತೃಪ್ತರಾಗದೆ ದಿಕ್ಕಿಲ್ಲದ ಮಕ್ಕಳಿಗಾಗಿ ಅನಾಥಾಲಯವನ್ನು ನಡೆಯಿಸಿದರು. ನಮಗೆ ಹೊಳೆಯಾಚೆಯವರಾದ ತಲಕಾಡು ರಂಗೇಗೌಡರು ಆಗ ಪಂಚಮರೆನಿಸಿಕೊಂಡಿದ್ದವರ ಮಕ್ಕಳ ವಿದ್ಯಾಭ್ಯಾಸಕ್ಕೆ ದುಡಿದರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಏಳು ಮನೆಗಳ ತಿರುಗಾಟವು ತಪ್ಪಿ ಹುಡುಗನಿಗೆ ಒಂದೇ ಸೂರು, ಒಂದೇ ಪಂಕ್ತಿ ದೊರೆಯಲಾರಂಭವಾಯಿತು.

1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆಯ ದೃಷ್ಟಿಯಿಂದ ಇದು ತವರಿಗೆ ಮರಳಿದಂತೆ. ಸರಿಸುಮಾರು ಅದೇ ಕಾಲದಲ್ಲಿ ನಾವು ಬಿಟ್ಟುಬಂದ ಮದರಾಸಿನಲ್ಲಿ ಮುಖ್ಯಮಂತ್ರಿ ಕಾಮರಾಜರು ಶಾಲಾಮಕ್ಕಳ ಮಧ್ಯಾಹ್ನದೂಟಕ್ಕೆ ಕೈಹಾಕಿದ್ದುದು ವಿಧಿಯ ಚೋದ್ಯವೇ ಸರಿ. ಇತ್ತ ಪ್ರಾಥಮಿಕ ಶಾಲೆಗಳಲ್ಲಿ ಕೆಲವು ಕಾಲ ಕೇರ್ ಸಂಸ್ಥೆಯ ಉಪ್ಪಿಟ್ಟು ನಡೆಯಿತು. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ, 2007ರಲ್ಲಿ ಪ್ರೌಢಶಾಲೆಗೂ ವ್ಯಾಪಿಸಿತು. 2013ರಲ್ಲಿ ಹಾಲೂ ಬಂದಿತು.

ಮಲೆಯ ಮಕ್ಕಳ ಕಥೆ ಬೇರೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು ಸೋಲಿಗರ ವೈದ್ಯರಾಗಿ ನೆಲಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಔಷಧದ ಜತೆಗೆ ಶಾಲೆಯೂ ಶಾಲೆಯ ಜತೆಗೆ ವಸತಿಯೂ ಬೆಳೆದುವು. ಮಗುವಿನ ದೇಹ, ಹಸಿವು, ಅಕ್ಷರ ಇವುಗಳನ್ನು ಬೇರೆಬೇರೆಯಾಗಿ ಎಣಿಸದೆ ಇದ್ದುದೇ ಆ ಕಾರ್ಯದ ವೈಶಿಷ್ಟ್ಯವು.

ಇಷ್ಟನ್ನು ಬರೆದು ನನ್ನ ಅಪರಾಧವನ್ನು ಹೇಳದಿದ್ದರೆ ಲೇಖನವು ಅಪೂರ್ಣವಾಗುವುದು. ಪ್ರೌಢಶಾಲೆಗೆ ಬಿಸಿಯೂಟವು ಬರುವುದಕ್ಕೆ ಮುಂಚಿನ ಮಾತು. ಹನೂರಿನ ಕಡೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನು ದಿನವೂ ತಡವಾಗಿ ಬರುವನು, ತೂಕಡಿಸುವನು. ನಾನು ಬಯ್ದು ಹೊರಗೆ ನಿಲ್ಲಿಸುತ್ತಿದ್ದೆನು. ಕೆಲವು ವಾರಗಳಲ್ಲಿ ಅವನು ಬರುವುದನ್ನೇ ಬಿಟ್ಟನು. ನಿಯಮದಂತೆ ಹೆಸರನ್ನು ಹೊಡೆದುಹಾಕಿದೆನು. ವರ್ಷದ ಬಳಿಕ ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಮೂಟೆ ಹೊತ್ತಿದ್ದವನು ನನ್ನನ್ನು ಕಂಡು ಮೂಟೆಯಿಳಿಸಿ ಕೈಮುಗಿದನು. ಆಗ ತಿಳಿಯಿತು: ತಾಯಿ ಹಾಸಿಗೆ ಹಿಡಿದಿದ್ದಳು, ಅವನು ಗಂಜಿ ಕಾಯಿಸಿ ತಂಗಿಯರಿಗೆ ಉಣಿಸಿ, ಉಳಿದರೆ ತಾನುಂಡು ಬರುತ್ತಿದ್ದನಂತೆ. “ಆಗಲೇ ಏಕೆ ಹೇಳಲಿಲ್ಲವಪ್ಪಾ?” ಎಂದೆನು. “ಹೇಳುದ್ರೆ ಇನ್ನೂ ಬಯ್ತೀರಿ ಅಂತ ಹೇಳ್ನಿಲ್ಲ ಸಾ” ಎಂದನು. ಅನ್ನಪಾನಗಳ ಮಂತ್ರವನ್ನು ತಪ್ಪಿಲ್ಲದೆ ಹೇಳಬಲ್ಲವನಾದ ನಾನು ಉಂಡೆಯಾ ಎಂದು ಅವನನ್ನು ಒಂದು ದಿನವೂ ಕೇಳಿರಲಿಲ್ಲ.

2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಎಳೆಯ ಮಕ್ಕಳನ್ನು ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಇದು ಸ್ತುತ್ಯವು. ಆದರೆ ಕಾಯಿದೆಯು ಬೆತ್ತವನ್ನು ಕಸಿಯಬಲ್ಲುದೇ ಹೊರತು ವಾತ್ಸಲ್ಯವನ್ನು ಕೊಡಲಾರದು. ಅನ್ನವು ಈಗ ಶಾಲೆಗೆ ಬಂದಿದೆ, ನಿಲಯಗಳೂ ಉಂಟು. ವಾರದ ಮನೆಯ ತಾಯಿಯು ಬಡಿಸುತ್ತ, “ಯಾಕೆ ಮಗು, ಮುಖ ಬಾಡಿದೆ?” ಎಂದು ಕೇಳುತ್ತಿದ್ದ ಮಾತು ಮಾತ್ರ ಹಾಜರಿಪುಸ್ತಕದ ಯಾವ ಅಂಕಣದಲ್ಲಿಯೂ ಇಲ್ಲ. ಅದನ್ನು ಉಪಾಧ್ಯಾಯನೇ ಕೇಳಬೇಕು. ನನ್ನ ಬಳಿಕ ಆ ಪೀಠದಲ್ಲಿ ಕುಳಿತಿರುವ ತರುಣಮಿತ್ರರು ಹೆಸರು ಕೂಗುವಾಗ ಒಮ್ಮೆ ತಲೆಯೆತ್ತಿ ಮುಖಗಳನ್ನು ನೋಡಬೇಕೆಂಬುದೇ ಈ ಮುದುಕನ ವಿಜ್ಞಾಪನೆಯು.